‘ಓದಿಸ್ತೀನಿ’ ಅಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹಾವೇರಿ ಜಿಲ್ಲೆ ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆವು. ಜನಕ್ಕೆ ಸುದ್ದಿ ಯಾವ ದಾರಿಯಿಂದ ಮುಟ್ಟುತ್ತದೆ ಅಂತ ಮನೆಮನೆಗೆ ಹೋಗಿ ಕೇಳುವ ಕೆಲಸ. ಜೊತೆಗಿದ್ದ ಬೆಂಗಳೂರಿನ ಹುಡುಗಿ ಒಬ್ಬ ಅಜ್ಜಿಗೆ ‘ಪೇಪರ್ ಓದ್ತೀರಾ?’ ಅಂದಳು. ಅಜ್ಜಿ ‘ಓದಸ್ತೀನ್ರಿ’ ಅಂದರು. ಹುಡುಗಿ ಫಾರ್ಮಿನಲ್ಲಿ ‘ಓದುವುದಿಲ್ಲ, ಮಕ್ಕಳನ್ನು ಓದಿಸುತ್ತಾರೆ’ ಅಂತ ಬರೆದುಬಿಟ್ಟಳು! ಅಜ್ಜಿ ಹೇಳಿದ್ದು, ಮೊಮ್ಮಗನ ಕಡೆ ಪೇಪರ್ ಓದಿಸಿ ಕೇಳ್ತೀನಿ ಅಂತ.

ಅವತ್ತಿನಿಂದ ಈ ‘ಓದಿಸು’ ನನ್ನ ತಲೆ ತಿನ್ನುತ್ತಿದೆ. ‘ಮಗನನ್ನು ಓದಿಸಿದೆ’ ಅಂದರೆ ಸಾಲಿ ಕಲಿಸಿದೆ. ‘ಮಗನ ಕಡೆ ಓದಿಸಿದೆ’ ಅಂದರೆ ಅವನು ಓದಿದ, ನಾನು ಕೇಳಿದೆ. ಆ ‘ಕಡೆ’ ಬಿಟ್ಟುಹೋದರೆ ಅರ್ಥ ಎತ್ತಲೋ ಹೋಗುತ್ತದೆ. ‘ಬರೆಸು’ವಿಗೆ ಈ ಗೊಂದಲ ಅಷ್ಟಾಗಿ ಇಲ್ಲ. ‘ಅರ್ಜಿ ಬರೆಸಿದೆ’ ಅಂದರೆ ಬೇರೆಯವರ ಕೈಲಿ ಅಂತ ಎಲ್ಲರಿಗೂ ತಿಳಿಯುತ್ತದೆ.

ಹಾಗಾದರೆ ಓದಿಸಿ ಕೇಳುವವರನ್ನು ಏನಂತ ಕರೆಯೋಣ? ‘ಸಾಕ್ಷರರು’ ಅನ್ನುವ ಹಾಗಿಲ್ಲ. ಜನಗಣತಿ ಲೆಕ್ಕದಲ್ಲಿ 7 ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ತಿಳಿದು ಓದಬೇಕು, ಬರೆಯಲೂ ಬೇಕು. 2011ರಲ್ಲಿ ಹಾವೇರಿ ಜಿಲ್ಲೆಯಲ್ಲಿ ಅಂಥವರು ನೂರಕ್ಕೆ 77 ಜನ. ಯುನೆಸ್ಕೊ 1958ರಲ್ಲಿ ಎಲ್ಲ ದೇಶಗಳಿಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ: ದಿನದ ಬದುಕಿನ ಬಗ್ಗೆ ಒಂದು ಚಿಕ್ಕ, ಸರಳ ಮಾತನ್ನು ತಿಳಿದು ಓದಿ ಬರೆಯಬೇಕು. ಕಿವಿ ಯಾರ ಲೆಕ್ಕಕ್ಕೂ ಇಲ್ಲ.

‘ಅನಕ್ಷರಸ್ಥೆ’ ಅಂತ ಬರೆದರೆ ಸುಳ್ಳಾಗುವುದಿಲ್ಲ. ಆದರೆ ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಧಾರಣೆ ಆ ಅಜ್ಜಿಗೆ ನನಗಿಂತ ಮೊದಲೇ ಗೊತ್ತು! ಮೊದಲು ಧಾರವಾಡ ರೇಡಿಯೊ ಹಚ್ಚುತ್ತಿದ್ದರಂತೆ, ಈಗ ಅಳಿಯ ವಾಟ್ಸಾಪ್‌ನಲ್ಲಿ ಮಾತಾಡಿ ಕಳಿಸುತ್ತಾನೆ. ಪಂಚಾಯ್ತಿ ಗೋಡೆಯ ನೋಟಿಸ್ ಮಾತ್ರ ಅವರ ಪಾಲಿಗೆ ಬರೀ ಕಾಗದ. ಡಂಗುರ ಸಾರುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ, ಅಲ್ವಾ?

ತಮಾಷೆ ಅಂದರೆ ‘ಬಹುಶ್ರುತ’ ಅನ್ನುವ ಪದ ನಮ್ಮಲ್ಲೇ ಇದೆ. ಬಿಡಿಸಿದರೆ ‘ಬಹಳ ಕೇಳಿದವನು’ ಅಂತಲೇ ಅರ್ಥ. ಅದನ್ನು ಈಗ ಮನೆ ತುಂಬ ಪುಸ್ತಕ ಇಟ್ಟವರಿಗೆ ಕೊಟ್ಟುಬಿಟ್ಟಿದ್ದೇವೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದಾಗ ಒಬ್ಬರು ಓದುತ್ತಾರೆ, ಊರೆಲ್ಲ ಕೇಳುತ್ತದೆ. ಅಲ್ಲಿ ಕೂತವರನ್ನು ಯಾರೂ ‘ಓದು ಬಾರದವರು’ ಅನ್ನುವುದಿಲ್ಲ, ‘ಪುರಾಣ ಕೇಳಾಕ ಬಂದವರು’ ಅಂತಾರೆ.

ಸದ್ಯಕ್ಕೆ ಫಾರ್ಮಿನಲ್ಲಿ ‘ಓದುವವರು’, ‘ಓದಿಸಿ ಕೇಳುವವರು’ ಅಂತ ಎರಡು ಕಾಲಂ ಮಾಡಿದ್ದೇನೆ. ಉದ್ದ ಆಯ್ತು, ಗೊತ್ತು. ಯಾರಾದರೂ ‘ಕೇಳರಿಗ’ (ಕೇಳಿ ಅರಿಯುವವರು) ಅಂತ ಹೊಸ ಪದ ಕಟ್ಟಿಕೊಟ್ಟರೆ ಬೇಡ ಅನ್ನಲ್ಲ, ಆದರೆ ಅದು ಆ ಅಜ್ಜಿಗೂ ತಿಳಿಯಬೇಕಲ್ಲ! ರೋಣ, ಶಿರಹಟ್ಟಿ ಕಡೆಯವರು ಇದಕ್ಕೆ ಬೇರೆ ಮಾತು ಬಳಸ್ತೀರಾ? ಸೋಮವಾರ ಫಾರ್ಮ್ ಅಚ್ಚಿಗೆ ಹೋಗುತ್ತದೆ.