ಕಿರಾಣಿ ಅಂಗಡಿಯಲ್ಲಿ ಮದ್ಯ ಮಾರಾಟ: ನಿಮ್ಮೂರಲ್ಲಿ ಹೇಗೆ ನಿಲ್ಲಿಸಿದಿರಿ?

ಕೇಳಿದವರು, ಸ್ತ್ರೀಶಕ್ತಿ ಸಂಘದ ಸದಸ್ಯೆ: ನಮ್ಮೂರಲ್ಲಿ ಬಾರ್ ಇಲ್ಲ. ಆದರೆ ಕಿರಾಣಿ ಅಂಗಡಿಗಳಲ್ಲಿ ಬೆಳಕು ಹರಿಯುವ ಮುಂಚೆಯೇ 90 ಎಂಎಲ್ ಪಾಕೆಟ್ ಸಿಗುತ್ತದೆ. ಗಂಡಸರು ಕೂಲಿಗೆ ಹೋಗುವ ಮೊದಲೇ ಕುಡಿಯುತ್ತಾರೆ. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರ ಹೆಣ್ಣುಮಕ್ಕಳು ನಿಲ್ಲುವ ಹಾಗಿಲ್ಲ. ಏನು ಮಾಡಬಹುದು? ಮಾಡಿದವರು ಹೇಳಿ.

ದಾವಣಗೆರೆ ಕಡೆಯಿಂದ, ಸಂಘದ ಪ್ರತಿನಿಧಿ: ಅಕ್ಕ, ನಮ್ಮದೂ ಇದೇ ಕಥೆ. ಮೊದಲು ಕುಡಿಯುವವರ ಜೊತೆ ಜಗಳಕ್ಕೆ ಹೋಗಬೇಡಿ. ಮಾರಾಟ ಹಿಡಿಯಿರಿ. ಲೈಸೆನ್ಸ್ ಇಲ್ಲದೆ ಮಾರುವುದು, ಅಂಗಡಿ ಮುಂದೆ ಕೂತು ಕುಡಿಯಲು ಜಾಗ ಕೊಡುವುದು, ಎರಡೂ 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಬಾಯಿಮಾತಿನ ದೂರು ಅಲ್ಲಿಗೇ ಮುಗಿದುಹೋಗುತ್ತದೆ. ಬರೆದು ಕೊಡಿ. ತಾಲ್ಲೂಕಿನ ಅಬಕಾರಿ ಇನ್ಸ್‌ಪೆಕ್ಟರ್‌ಗೆ ಒಂದು, ಠಾಣೆಗೆ ಒಂದು, ಪಂಚಾಯಿತಿ ಪಿಡಿಓಗೆ ಒಂದು. ಎಲ್ಲ ಕಡೆ ಸ್ವೀಕೃತಿ ಕೇಳಿ ಪಡೆಯಿರಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ ಠರಾವು ಬರೆಸಿ. ಪುಸ್ತಕದಲ್ಲಿ ಬರೆದದ್ದನ್ನು ನಾಳೆ ಯಾರೂ ಇಲ್ಲ ಅನ್ನಲಾಗುವುದಿಲ್ಲ.

ರೇಡ್ ಆದ ಮೇಲೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಶುರು ಮಾಡುತ್ತಾರೆ. ಹಾಗಾಗಿ ದೂರನ್ನು ಬಿಡದೆ ಕೊಡುತ್ತಲೇ ಇರಬೇಕು. ನಮ್ಮಲ್ಲಿ ಮಾರುತ್ತಿದ್ದವರಲ್ಲಿ ಒಬ್ಬಾಕೆ ಗಂಡ ಸತ್ತವಳು. ಪಾಕೆಟ್‌ಗೆ ಸಿಗುವ ನಾಲ್ಕು ಕಾಸೇ ಅವಳ ಜೀವನ. ಸಂಘದಿಂದ ಸಾಲ ಕೊಟ್ಟು ಹೊಲಿಗೆ ಯಂತ್ರ ಕೊಡಿಸಿದೆವು. ಅವಳ ಅಂಗಡಿಯಲ್ಲಿ ಮಾರಾಟ ಪೂರ್ತಿ ನಿಂತಿತು. ರೇಡಿಗಿಂತ ಇದೇ ಜಾಸ್ತಿ ಕೆಲಸ ಮಾಡಿತು ಅಂತ ನನಗನಿಸುತ್ತದೆ.

ಕೊಪ್ಪಳ ಕಡೆಯಿಂದ: ಕುಡಿದು ಬಂದವನನ್ನು ಕಂಬಕ್ಕೆ ಕಟ್ಟಿ ದಂಡ ಹಾಕಿದರೆ ಎರಡೇ ದಿನಕ್ಕೆ ಸರಿಹೋಗುತ್ತಾನೆ ಅಂತಾರಲ್ಲ ನಮ್ಮ ಹಿರಿಯರು?

ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸ್: ದಯವಿಟ್ಟು ಬೇಡ. ಅದು ಅಪರಾಧ. ಜೊತೆಗೆ, ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಬರಬಹುದು. ಮೊದಲು ಕೈ ನಡುಗುತ್ತದೆ, ಬೆವರುತ್ತಾರೆ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಕೆಲವರಿಗೆ ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುತ್ತದೆ, ಯಾರ ಜೊತೆಗೋ ಮಾತಾಡುತ್ತಾರೆ. ಮನೆಯವರು ದೆವ್ವ ಬಡಿದಿದೆ ಅಂದುಕೊಂಡು ಪೂಜಾರಿ ಹತ್ತಿರ ಕರೆದೊಯ್ಯುತ್ತಾರೆ. ಆ ಹೊತ್ತಿಗೆ ಬೇಕಾದದ್ದು ಆಸ್ಪತ್ರೆ. ತಡಮಾಡದೆ 108ಕ್ಕೆ ಫೋನ್ ಮಾಡಿ.

ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಯನ್ನೂ ಮುಟ್ಟಬೇಡಿ. ಕೆಲವದರಲ್ಲಿ ಏನಿದೆ ಅಂತಲೇ ಗೊತ್ತಾಗುವುದಿಲ್ಲ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಅನ್ನೋ ಮಾತ್ರೆ ತಗೊಂಡವರು ಕುಡಿದರೆ ಬಿಪಿ ಕುಸಿದು ಜೀವಕ್ಕೆ ಕುತ್ತು ಬರಬಹುದು. ಅದನ್ನು ರೋಗಿ ಒಪ್ಪಿ, ವೈದ್ಯರು ಹೇಳಿದ ಮೇಲೆಯೇ ಕೊಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಬೆಳ್ತಂಗಡಿ ಕಡೆಯಿಂದ: ನಮ್ಮ ಕಡೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ನಡೆಯುತ್ತದೆ. ಶಿಬಿರ ಮುಗಿಸಿ ಮನೆಗೆ ಬಂದ ಮೇಲೆಯೇ ನಿಜವಾದ ಕಷ್ಟ. ಹಳೆಯ ಗೆಳೆಯರು ಅಲ್ಲೇ ಇರುತ್ತಾರೆ ಅಲ್ವಾ? ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ನನ್ನ ಅಣ್ಣನನ್ನು ಉಳಿಸಿತು. ಮದುವೆ, ಜಾತ್ರೆ ಬಂದಾಗ ಸಮಿತಿಯವರು ಯಾರಾದರೂ ಅವನ ಜೊತೆ ಇರುತ್ತಿದ್ದರು.

ನಿವೃತ್ತ ಶಿಕ್ಷಕರು, ಬಳ್ಳಾರಿ: ಸರ್ಕಾರ ನಿಷೇಧ ಮಾಡಲಿ ಅಂತ ಕಾಯುತ್ತಾ ಕೂರಬೇಡಿ ತಾಯಿ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಸೇರಿದ್ದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅದು ಆಂಧ್ರದ ತುಂಬಾ ಹಬ್ಬಿ ಮರುವರ್ಷ ಸಾರಾಯಿ ನಿಷೇಧವಾಯಿತು. 1995ರಲ್ಲಿ ಪೂರ್ತಿ ಪಾನನಿಷೇಧವೂ ಬಂತು, 1997ರಲ್ಲಿ ಅದನ್ನು ಸಡಿಲಿಸಿದರು. ನಮ್ಮಲ್ಲಿ 2007ರ ಜುಲೈನಲ್ಲಿ ಸಾರಾಯಿ ಹೋಯಿತು. ಕುಡಿಯುವವರು ಅಗ್ಗದ ವಿಸ್ಕಿ, ಬ್ರಾಂದಿಗೆ ಹೊರಳಿದರು. ದೂಬಗುಂಟದ ಹೆಂಗಸರು ಶುರು ಮಾಡಿದ್ದು ತಮ್ಮೂರಿನ ಅಂಗಡಿಯಿಂದಲೇ.

ಆಟೋ ಓಡಿಸುವವನು: ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಬೀಳಬಹುದು, ಜೈಲೂ ಆಗಬಹುದು ಅಂತ ಹುಡುಗರಿಗೆ ಹೇಳಿ. ಜಾತ್ರೆ ದಿನ ರಾತ್ರಿ ಮನೆಗೆ ಬಿಡಲು ನಾವು ಆಟೋದವರು ಪಾಳಿ ಹಾಕಿಕೊಂಡಿದ್ದೇವೆ. ಬಸ್ ಸ್ಟ್ಯಾಂಡಿನ ಬೀದಿದೀಪಕ್ಕೆ ಇವತ್ತೇ ಪಂಚಾಯಿತಿಯಲ್ಲಿ ಅರ್ಜಿ ಕೊಡಿ. ಅದಕ್ಕೆ ಯಾರೂ ಅಡ್ಡ ಬರುವುದಿಲ್ಲ.

ದಾವಣಗೆರೆ ಕಡೆಯಿಂದ, ಮತ್ತೆ: ಇನ್ನೊಂದು ಮಾತು ಅಕ್ಕ. ದೂರಿಗೆ ಒಬ್ಬರೇ ಸಹಿ ಮಾಡಬೇಡಿ, ಸಂಘದವರೆಲ್ಲ ಮಾಡಿ. ಮಾರುವವರ ಮನೆಗೆ ರಾತ್ರಿ ಹೋಗಬೇಡಿ. ಯಾರಾದರೂ ಬೆದರಿಸಿದರೆ 112ಕ್ಕೆ ಫೋನ್ ಮಾಡಿ, ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181ಕ್ಕೆ.