ಪ್ಯಾಕೆಟ್ ಒಳಗೆ ಲವಂಗದ ಎಣ್ಣೆ, ನಿಸಿನ್, ಕೈಟೋಸಾನ್: ಆಹಾರ ತಂತ್ರಜ್ಞೆಯನ್ನು ಕೇಳಿ

(ಆಹಾರ ಬೇಗ ಕೆಡದಂತೆ ಕವರಿನ ಒಳಗೆ ಕ್ರಿಮಿ ತಡೆಯುವ ಪದಾರ್ಥ ಲೇಪಿಸುವ ಬಗ್ಗೆ ಗುಂಪಿನಲ್ಲಿ ನಡೆದ ಮಾತುಕತೆ)

ಬೇಕರಿ ಸದಸ್ಯ: ಮೇಡಂ, ಬ್ರೆಡ್ ಕವರಿನ ಒಳಗೆ ದಾಲ್ಚಿನ್ನಿ ಎಣ್ಣೆ ಲೇಪ ಕೊಟ್ಟರೆ ಬೂಷ್ಟು ಬರೋದಿಲ್ವಾ?

ತಂತ್ರಜ್ಞೆ: ತಡವಾಗಿ ಬರುತ್ತದೆ. ಕೆಲಸ ಮಾಡುವುದು ಎಣ್ಣೆಯ ಆವಿ. ಕವರ್ ಗಾಳಿ ಬಿಟ್ಟರೆ ಲೇಪ ದಂಡ. ಬ್ರೆಡ್ಡಿಗೂ ವಾಸನೆ ಹತ್ತುತ್ತದೆ, ಮೊದಲು ತಿಂದು ನೋಡಿ.

ಹಾಳೆ ತಯಾರಿಸುವ ಸದಸ್ಯ: ಪ್ಲಾಸ್ಟಿಕ್ ಕರಗಿಸುವಾಗಲೇ ಎಣ್ಣೆ ಬೆರೆಸಬಹುದಾ?

ತಂತ್ರಜ್ಞೆ: ಪಾಲಿಥಿನ್ ಹಾಳೆಗೆ 150 ಡಿಗ್ರಿ ದಾಟಿದ ಬಿಸಿ ಬೇಕು. ಅಷ್ಟರಲ್ಲಿ ಎಣ್ಣೆ ಬಹಳಷ್ಟು ಹಾರಿಹೋಗುತ್ತದೆ. ಹಾಳೆ ಆದಮೇಲೆ ಲೇಪ ಕೊಡಿ.

ಮನೆ ಅಡುಗೆ ಸದಸ್ಯೆ: ಬೇಯಿಸಿದ ತರಕಾರಿಯನ್ನು ಲವಂಗದ ಎಣ್ಣೆ ಲೇಪದ ಕವರಿನಲ್ಲಿ ಹಾಕಿ ಗಾಳಿ ತೆಗೆದು ಸೀಲ್ ಮಾಡಿದ್ದೇನೆ. ಫ್ರಿಜ್ ಹೊರಗೆ 20 ದಿನ ಆಯ್ತು, ವಾಸನೆ ಇಲ್ಲ. ಮಾರಬಹುದಾ?

ತಂತ್ರಜ್ಞೆ: ಬೇಡ. ರುಚಿ ಕೂಡ ನೋಡಬೇಡಿ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಗಾಳಿ ಇಲ್ಲದ ಕಡೆಯೇ ಬೆಳೆಯುವುದು. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಉಳಿಯುತ್ತವೆ. ಅದಕ್ಕೇ ಡಬ್ಬಿ ಆಹಾರವನ್ನು ಒತ್ತಡದಲ್ಲಿ 121 ಡಿಗ್ರಿಗೆ ಕಾಯಿಸುತ್ತಾರೆ. ಪಿಎಚ್ 4.6ಕ್ಕಿಂತ ಜಾಸ್ತಿ ಇದ್ದರೆ, ಅಂದರೆ ಹುಳಿ ಸಾಲದಿದ್ದರೆ, ಅದು ಬೆಳೆದು ವಿಷ ಬಿಡಬಹುದು. ಆ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ನನಗೆ ಭಯವಾಗುವುದು ಇನ್ನೊಂದಕ್ಕೆ. ಲವಂಗದ ಎಣ್ಣೆಯ ಮುಖ್ಯ ಅಂಶವಾದ ಯೂಜೆನಾಲ್ ಊಟ ಹಳಸಿಸುವ ಬೇರೆ ಕ್ರಿಮಿಗಳನ್ನು ತಡೆದರೆ ಹುಳಿ ವಾಸನೆಯೇ ಬರುವುದಿಲ್ಲ. ಕೆಟ್ಟಿದೆ ಎಂದು ತಿಳಿಯಲು ಇರುವ ಒಂದು ಸುಳಿವನ್ನೂ ನೀವೇ ಅಳಿಸಿದ ಹಾಗೆ.

ಹೊಸ ಸದಸ್ಯ: ಎಣ್ಣೆ ಲೇಪ ಇದ್ರೆ ಫ್ರಿಜ್ ಬೇಡ ಅಲ್ವಾ?

ತಂತ್ರಜ್ಞೆ: ಬೇಕು. ಮೇಲೆ ಓದಿ.

ಇನ್ನೊಬ್ಬ ಸದಸ್ಯ: ಚೀಸ್ ಕವರಿಗೆ ಬೂಷ್ಟು ತಡೆಯುವ ನಟಾಮೈಸಿನ್ ಎಷ್ಟು ಹಾಕಬೇಕು?

ಹಿರಿಯ ಸದಸ್ಯ: ಬೆಳ್ಳುಳ್ಳಿ ರಸ ಸವರಿದರೆ ಎಲ್ಲ ಕ್ರಿಮಿ ಸಾಯುತ್ತವಂತೆ, ಫಾರ್ವರ್ಡ್ ಬಂದಿದೆ.

ತಂತ್ರಜ್ಞೆ: ಸರ್, ದಯವಿಟ್ಟು ಅದನ್ನು ಅಳಿಸಿ. ಎಣ್ಣೆಯಲ್ಲಿ ಮುಳುಗಿಸಿ ಹೊರಗಿಟ್ಟ ಬೆಳ್ಳುಳ್ಳಿಯಿಂದಲೇ ಜನರಿಗೆ ಬಾಟುಲಿಸಂ, ಅಂದರೆ ಆ ಬಾಟುಲಿನಂ ವಿಷದ ಕಾಯಿಲೆ, ಬಂದಿದೆ. ಎಲ್ಲ ಕ್ರಿಮಿಗೂ ಒಂದೇ ಮದ್ದು ಇಲ್ಲ. ಹಾಲಿನ ಬ್ಯಾಕ್ಟೀರಿಯಾದಿಂದ ಸಿಗುವ ನಿಸಿನ್ ಲಿಸ್ಟೀರಿಯಾ ಎಂಬ ರೋಗಾಣುವನ್ನು ತಡೆಯುತ್ತದೆ, ಇನ್ನೊಂದು ರೋಗಾಣು ಸಾಲ್ಮೊನೆಲ್ಲಾದ ಹೊರಪೊರೆ ದಾಟಲು ಅದೊಂದಕ್ಕೇ ಆಗುವುದಿಲ್ಲ.

ಹಿರಿಯ ಸದಸ್ಯ: ಹಾಗಾದ್ರೆ ಕ್ರಿಮಿ ತಡೆಯುವ ಕೈಟೋಸಾನ್ ಲೇಪ?

ಸಸ್ಯಾಹಾರಿ ಸದಸ್ಯೆ: ಅದು ಸಿಗಡಿ ಚಿಪ್ಪಿನದು. ನಮಗೆ ಬೇಡ.

ಬೇಕರಿ ಸದಸ್ಯ: ಅಣಬೆಯಿಂದಲೂ ತೆಗೀತಾರೆ. ಸುಮ್ನೆ ಹೆದರಿಸಬೇಡಿ.

ಸಸ್ಯಾಹಾರಿ ಸದಸ್ಯೆ: ಕವರ್ ಮೇಲೆ ಬರೆದಿರ್ತಾರಾ? ಹೆದರಿಸ್ತಿಲ್ಲ, ಕೇಳ್ತಿದ್ದೀನಿ.

ಹಿರಿಯ ಸದಸ್ಯ: ನೈಸರ್ಗಿಕ ಅಂದ್ಮೇಲೆ ಇಷ್ಟು ಗಲಾಟೆ ಯಾಕೆ?

ಹಾಳೆ ತಯಾರಿಸುವ ಸದಸ್ಯ: ಬಾಟುಲಿನಂ ವಿಷವೂ ನೈಸರ್ಗಿಕವೇ. ಸ್ವಲ್ಪ ಸುಮ್ಮನಿರಿ.

ಮನೆ ಅಡುಗೆ ಸದಸ್ಯೆ: ಮೇಡಂ, ನಿನ್ನೆ ಅಕ್ಕನ ಮನೆಗೆ 3 ಪ್ಯಾಕೆಟ್ ಕೊಟ್ಟಿದ್ದೆ.

ತಂತ್ರಜ್ಞೆ: ಈಗಲೇ ಫೋನ್ ಮಾಡಿ, ತೆರೆಯದಿರಲಿ. ತಿಂದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಲಿ. ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ನುಂಗಲು ಆಗದಿರುವುದು ಶುರುವಾಗಲಿ ಎಂದು ಕಾಯಬೇಡಿ. ಮಾತಾಡಿದ ಮೇಲೆ ಇಲ್ಲಿ ಬರೆಯಿರಿ. ಬೇರೆ ಪ್ರಶ್ನೆಗಳು ಆಮೇಲೆ.