ಪೊದೆಸ್ತಾ, ಗೊಂಫಲೊನಿಯೆರೆ, ಸಿಂದಕೊ: ಫ್ಲಾರೆನ್ಸಿನ ಈ ಮೂವರೂ ‘ಮೇಯರ್’ ಆಗಬಲ್ಲರೆ?

ಇಟಲಿಯ ಫ್ಲಾರೆನ್ಸ್ ನಗರದ ಆಡಳಿತದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ತೊಡಗಿದಾಗ ಮೊದಲು ಎದುರಾಗುವ ತೊಡಕು ಅಧಿಕಾರಸ್ಥಾನಗಳ ಹೆಸರಿನದು. ಸುಮಾರು ಒಂಬತ್ತು ಶತಮಾನಗಳಲ್ಲಿ ಆ ನಗರದ ಮುಂದಾಳುಗಳನ್ನು ಕಾನ್ಸುಲ್, ಪೊದೆಸ್ತಾ, ಗೊಂಫಲೊನಿಯೆರೆ, ಮೇರ್, ಸಿಂದಕೊ ಎಂದು ಬೇರೆಬೇರೆಯಾಗಿ ಕರೆದಿದ್ದಾರೆ. ಅದರಲ್ಲಿ ಒಂದು ಹೆಸರಂತೂ ಹೋದದ್ದು ಮತ್ತೆ ಬಂದು, ಎರಡನೆಯ ಸಲ ಅಪಕೀರ್ತಿ ಹೊತ್ತು ಹೋಯಿತು. ಇವೆಲ್ಲವಕ್ಕೂ ‘ಮೇಯರ್’ ಅಥವಾ ‘ಮಹಾಪೌರ’ ಎಂದು ಬರೆದು ಮುಗಿಸುವುದು ಸುಲಭ. ಆದರೆ ಹಾಗೆ ಬರೆದರೆ ಚರಿತ್ರೆಯೇ ಅಳಿಸಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾವ ಹೆಸರನ್ನು ಉಳಿಸಿಕೊಳ್ಳಬೇಕು, ಯಾವುದಕ್ಕೆ ಕನ್ನಡದ ಮಾತು ಹೊಂದುತ್ತದೆ ಎಂಬ ಬಗ್ಗೆ ಬಲ್ಲವರ ಸಲಹೆ ಬೇಕಾಗಿದೆ.

1138ರಿಂದ ದಾಖಲೆಗಳಲ್ಲಿ ಕಾಣಿಸಿಕೊಳ್ಳುವ ಕಾನ್ಸುಲರ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಅವರು ಒಬ್ಬರಲ್ಲ, ಒಂದು ಗುಂಪು. ಹೆಸರೂ ಹಳೆಯ ರೋಮಿನಿಂದ ಎರವಲು ತಂದದ್ದು. ರೋಮಿನ ಚರಿತ್ರೆಯನ್ನು ಓದಿದ ಕನ್ನಡಿಗರಿಗೆ ‘ಕಾನ್ಸುಲ್’ ಎಂಬುದು ಪರಿಚಿತವೇ. ತೊಡಕು ಶುರುವಾಗುವುದು ಪೊದೆಸ್ತಾನಿಂದ.

‘ಪೊದೆಸ್ತಾ’ ಎಂಬುದು ‘ಅಧಿಕಾರ’ ಎಂಬ ಅರ್ಥದ ಲ್ಯಾಟಿನ್ ‘ಪೊತೆಸ್ತಾಸ್’ ಎಂಬ ಮಾತಿನಿಂದ ಬಂದದ್ದು. ಅಧಿಕಾರದ ಹೆಸರೇ ಅದನ್ನು ನಡೆಸುವವನ ಹೆಸರಾಯಿತು. ನಮ್ಮಲ್ಲಿ ‘ಸರ್ಕಾರ’ ಎಂಬ ಮಾತು ವ್ಯಕ್ತಿಯನ್ನು ಕರೆಯಲು ಬಳಕೆಯಾದಂತೆಯೇ ಇದೂ. ನಗರದ ದೊಡ್ಡ ಮನೆತನಗಳು ಗೋಪುರಗಳನ್ನು ಕಟ್ಟಿಕೊಂಡು ಬೀದಿಯಲ್ಲೇ ಕಾದಾಡುತ್ತಿದ್ದ ಕಾಲದಲ್ಲಿ, ಊರಿನವನೇ ಒಬ್ಬ ನ್ಯಾಯ ಹೇಳಿದರೆ ಇನ್ನೊಂದು ಬಣ ಒಪ್ಪುತ್ತಿರಲಿಲ್ಲ. ಆದ್ದರಿಂದ 13ನೆಯ ಶತಮಾನದ ಆರಂಭದಲ್ಲಿ, ಪರಂಪರೆಯ ಪ್ರಕಾರ 1207ರಲ್ಲಿ, ಬೇರೆ ಊರಿನಿಂದ ಒಬ್ಬನನ್ನು ಸಂಬಳ ಕೊಟ್ಟು ಕರೆಸುವ ಪದ್ಧತಿ ಫ್ಲಾರೆನ್ಸಿನಲ್ಲಿ ನೆಲೆಗೊಂಡಿತು. ಅವನು ತನ್ನ ನ್ಯಾಯಾಧೀಶರನ್ನೂ ಬರಹಗಾರರನ್ನೂ ಆಳುಗಳನ್ನೂ ತಾನೇ ಕರೆತರಬೇಕು. ಊರಿನವರ ನಂಟಸ್ತಿಕೆ, ಸ್ನೇಹಗಳಿಂದ ದೂರವಿರಬೇಕು. ಮೊದಮೊದಲು ಒಂದು ವರ್ಷ, ಮುಂದೆ ಆರು ತಿಂಗಳು ಮಾತ್ರ ಅಧಿಕಾರದಲ್ಲಿರಬೇಕು. ಇಂಥವನನ್ನು ‘ಮೇಯರ್’ ಎಂದರೆ ಕನ್ನಡದ ಓದುಗರಿಗೆ ಏನು ಹೊಳೆಯುತ್ತದೆ? ಕರ್ನಾಟಕದ ಮಹಾನಗರ ಪಾಲಿಕೆಗಳಲ್ಲಿ ಮೇಯರ್ ಊರಿನವರೇ, ಸದಸ್ಯರು ಆರಿಸಿದವರು. ಆಡಳಿತದ ನಿಜವಾದ ಹಿಡಿತ ಸರ್ಕಾರ ನೇಮಿಸಿದ ಆಯುಕ್ತರ ಕೈಯಲ್ಲಿದೆ. ಹೊರಗಿನಿಂದ ಬಂದವನು, ಸಂಬಳದವನು, ಗೊತ್ತಾದ ಅವಧಿಯವನು ಎಂಬ ಲೆಕ್ಕದಲ್ಲಿ ಪೊದೆಸ್ತಾ ನಮ್ಮ ಆಯುಕ್ತರಿಗೇ ಹತ್ತಿರ. ಆದರೆ ಆಯುಕ್ತರು ತೀರ್ಪು ಕೊಟ್ಟು ಮರಣದಂಡನೆ ವಿಧಿಸುವುದಿಲ್ಲ, ಪೊದೆಸ್ತಾ ವಿಧಿಸುತ್ತಿದ್ದ.

ಕವಿ ದಾಂತೆಯ ಬಾಳಿನಲ್ಲೇ ಇದಕ್ಕೆ ಉದಾಹರಣೆಯಿದೆ. 1300ರ ಜೂನ್ 15ರಿಂದ ಎರಡು ತಿಂಗಳು ದಾಂತೆ ನಗರದ ಆಡಳಿತ ಮಂಡಲಿಯ ಆರು ಮಂದಿ ಸದಸ್ಯರಲ್ಲಿ, ಅಂದರೆ ಪ್ರಿಯೋರರಲ್ಲಿ, ಒಬ್ಬನಾಗಿದ್ದ. ಎದುರು ಬಣ ಗೆದ್ದ ಮೇಲೆ, 1302ರ ಜನವರಿ 27ರಂದು ಅವನಿಗೆ ದಂಡವನ್ನೂ ಗಡೀಪಾರನ್ನೂ ವಿಧಿಸಿದವನು ಗುಬ್ಬಿಯೊ ಊರಿನಿಂದ ಬಂದಿದ್ದ ಪೊದೆಸ್ತಾ ಕಾಂತೆ ದೆ ಗಾಬ್ರಿಯೆಲ್ಲಿ. ಕೆಲವೇ ವಾರಗಳಲ್ಲಿ, ಸಿಕ್ಕಿದರೆ ಸುಡಬೇಕೆಂಬ ಶಿಕ್ಷೆಯನ್ನೂ ಅವನೇ ಸಾರಿದ. “ಫ್ಲಾರೆನ್ಸಿನ ಮೇಯರ್ ದಾಂತೆಯನ್ನು ಗಡೀಪಾರು ಮಾಡಿದ” ಎಂದು ಬರೆದರೆ ವಾಕ್ಯ ಸರಳವಾಗುತ್ತದೆ, ನಿಜ. ಆದರೆ ಊರಿನ ಜಗಳಕ್ಕೆ ಸಿಕ್ಕದವನೆಂದು ಕರೆತಂದ ಹೊರಗಿನವನೇ ಒಂದು ಬಣದ ಕೈಗೆ ಆಯುಧವಾದ ಎಂಬ ಮುಖ್ಯ ಸಂಗತಿ ಅಲ್ಲಿ ಇರುವುದಿಲ್ಲ.

ಇನ್ನು ಗೊಂಫಲೊನಿಯೆರೆ. ‘ಗೊಂಫಲೊನೆ’ ಎಂದರೆ ಬಾವುಟ. ಜರ್ಮಾನಿಕ್ ಮೂಲದ ಮಾತು, ಅಲ್ಲಿ ಅದಕ್ಕೆ ಯುದ್ಧದ ಪತಾಕೆ ಎಂಬ ಅರ್ಥ. 1293ರ ಜನವರಿಯಲ್ಲಿ ಹೊರಟ ‘ನ್ಯಾಯದ ಕಟ್ಟಳೆಗಳು’ ಮೇಲ್ಮನೆತನದವರನ್ನು ಹತೋಟಿಯಲ್ಲಿಡಲು ರೂಪಿಸಿದವು; ಪ್ರಿಯೋರರ ಜೊತೆಗೆ ‘ನ್ಯಾಯದ ಗೊಂಫಲೊನಿಯೆರೆ’ ಎಂಬ ಸ್ಥಾನವೂ ಆಗಲೇ ಹುಟ್ಟಿತು. ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯಿದ್ದ ಬಾವುಟ ಅವನ ವಶದಲ್ಲಿರುತ್ತಿತ್ತು, ಸಾವಿರ ಮಂದಿ ಕಾಲಾಳುಗಳು ಅವನ ಕರೆಗೆ ಬದ್ಧರಾಗಿದ್ದರು; ಮೇಲ್ಮನೆತನದವನೊಬ್ಬ ಸಾಮಾನ್ಯನನ್ನು ಕೊಂದರೆ ಬಾವುಟ ಹಿಡಿದು ಹೋಗಿ ಕೊಲೆಗಾರನ ಮನೆಯನ್ನು ಕೆಡವಿಸುವುದು ಅವನ ಕೆಲಸ. ಅಧಿಕಾರದ ಅವಧಿ ಎರಡೇ ತಿಂಗಳು. ಅಷ್ಟು ಬೇಗ ಬದಲಾಗುತ್ತಿದ್ದುದರಿಂದ ಯಾರೂ ಬೇರು ಬಿಡುವಂತಿರಲಿಲ್ಲ. ಹಾಗಾಗಿಯೇ 15ನೆಯ ಶತಮಾನದಲ್ಲಿ ಸಿರಿವಂತ ಲೇವಾದೇವಿಗಾರರಾದ ಮೆದಿಚಿ ಮನೆತನದವರು ತಾವು ಆ ಪೀಠದಲ್ಲಿ ಅಪರೂಪಕ್ಕೆ ಮಾತ್ರ ಕೂತು, ಯಾರು ಕೂರಬೇಕೆಂಬುದನ್ನು ಹಿಂದಿನಿಂದ ನಿಯಂತ್ರಿಸಿ ನಗರವನ್ನು ಆಳಿದರು. 1502ರಲ್ಲಿ ಪಿಯೆರೊ ಸೊದೆರಿನಿಯನ್ನು ಜೀವಾವಧಿಗೆ ಗೊಂಫಲೊನಿಯೆರೆ ಎಂದು ಆರಿಸಿದ್ದು ದೊಡ್ಡ ಅಪವಾದ. ರಾಜನೀತಿಯ ಲೇಖಕ ಮಕಿಯವೆಲ್ಲಿ ನಗರದ ಕಾರ್ಯದರ್ಶಿಯಾಗಿ ದುಡಿದದ್ದು ಬಹುಪಾಲು ಅವನ ಕಾಲದಲ್ಲೇ. 1512ರಲ್ಲಿ ಮೆದಿಚಿಗಳು ಮರಳಿದಾಗ ಸೊದೆರಿನಿ ಊರು ಬಿಟ್ಟ, 1532ರಲ್ಲಿ ಸ್ಥಾನವೇ ರದ್ದಾಯಿತು.

ಇದಕ್ಕೆ ‘ಧ್ವಜಧಾರಿ’ ಎಂದರೆ ಮೆರವಣಿಗೆಯ ಮುಂದೆ ನಡೆಯುವವನ ಚಿತ್ರ ಬರುತ್ತದೆ. ಹಳಗನ್ನಡ ಕಾವ್ಯಗಳಲ್ಲಿ ಬಾವುಟಕ್ಕೆ ‘ಪಳಯಿಗೆ’ ಎಂಬ ಸೊಗಸಾದ ಮಾತಿದೆ. ‘ಪಳಯಿಗೆಯೊಡೆಯ’ ಎಂದು ಕಟ್ಟಬಹುದು, ಕಿವಿಗೆ ಗಂಭೀರವಾಗಿಯೂ ಇದೆ, ಆದರೆ ಅದಕ್ಕೇ ಒಂದು ಟಿಪ್ಪಣಿ ಬೇಕಾದೀತು. ‘ನ್ಯಾಯಧ್ವಜದ ಒಡೆಯ’ ಎಂಬುದನ್ನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಶಾಸನಗಳ ‘ಪಟ್ಟಣಸ್ವಾಮಿ’ ಎಂಬ ಮಾತನ್ನು ತರಬಾರದೇಕೆ ಎಂಬ ಪ್ರಶ್ನೆಯೂ ಏಳಬಹುದು. ಹುಂಚದ 11ನೆಯ ಶತಮಾನದ ಶಾಸನಗಳಲ್ಲಿ ಬರುವ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿಯಂಥವರು ವರ್ತಕ ಪ್ರಮುಖರು, ಅರಸರ ಮನ್ನಣೆಯಿಂದ ಮೇಲೇರಿದವರು. ಫ್ಲಾರೆನ್ಸಿನಲ್ಲಿ ವರ್ತಕರ ಮತ್ತು ಕಸುಬುದಾರರ ಸಂಘಗಳೇ ಬಲಿಷ್ಠವಾಗಿದ್ದುದು ಹೌದಾದರೂ, ಮೇಲೆ ಮನ್ನಣೆ ಕೊಡುವ ಅರಸನಿಲ್ಲದಿರುವುದೇ ಅಲ್ಲಿನ ವಿಶೇಷ. ಆದ್ದರಿಂದ ಆ ಮಾತು ಬೇಡವೆನಿಸುತ್ತದೆ.

ಮುಂದಿನ ಮೂರು ಶತಮಾನಗಳನ್ನು ಬೇಗ ದಾಟಬಹುದು. 18ನೆಯ ಶತಮಾನದ ಕೊನೆಗೆ ಆಗ ಆ ನಾಡನ್ನು ಆಳುತ್ತಿದ್ದ ಗ್ರಾಂಡ್ ಡ್ಯೂಕ್ ಪಿಯೆತ್ರೊ ಲೆಯೊಪೊಲ್ದೊ ನಗರಾಡಳಿತವನ್ನು ತಿದ್ದಿದಾಗ ಗೊಂಫಲೊನಿಯೆರೆ ಎಂಬ ಹೆಸರು ಮರಳಿತು, ಹಳೆಯ ಬಲ ಮಾತ್ರ ಮರಳಲಿಲ್ಲ. ನೆಪೋಲಿಯನ್ ಸಾಮ್ರಾಜ್ಯಕ್ಕೆ ಸೇರಿದ್ದ 1808ರಿಂದ 1814ರವರೆಗೆ ನಗರಕ್ಕೆ ಫ್ರೆಂಚರ ‘ಮೇರ್’ ಇದ್ದ. ಒಗ್ಗೂಡಿದ ಇಟಲಿಯ 1865ರ ಕಾನೂನು ಬಂದಾಗ, ಫ್ಲಾರೆನ್ಸ್ ರಾಜಧಾನಿಯಾದ ಆ ವರ್ಷವೇ, ಕಾಂಬ್ರೆ ದಿನ್ಯಿ ಕೊನೆಯ ಗೊಂಫಲೊನಿಯೆರೆಯೂ ಮೊದಲ ಸಿಂದಕೊನೂ ಆದ. ಆ ಕಾನೂನಿನ ಪ್ರಕಾರ ಸಿಂದಕೊನನ್ನು ನೇಮಿಸುತ್ತಿದ್ದವನು ದೊರೆ. ಜನರು ಆರಿಸಿದ ಪರಿಷತ್ತಿಗೆ ಆ ಹಕ್ಕು 1889ರಿಂದ ದೊಡ್ಡ ಊರುಗಳಲ್ಲಿ, 1896ರಿಂದ ಎಲ್ಲ ಊರುಗಳಲ್ಲಿ ದೊರೆಯಿತು.

‘ಸಿಂದಕೊ’ ಎಂಬ ಮಾತಿನ ಪಯಣ ಎಲ್ಲಕ್ಕಿಂತ ಸ್ವಾರಸ್ಯದ್ದು. ಗ್ರೀಕಿನ ‘ಸಿಂದಿಕೊಸ್’ ಎಂದರೆ ಒಬ್ಬರ ಪರವಾಗಿ ನ್ಯಾಯಸ್ಥಾನದಲ್ಲಿ ನಿಲ್ಲುವವನು. ಮಧ್ಯಯುಗದ ಇಟಲಿಯಲ್ಲಿ ಸಿಂದಕೊ ಎಂದರೆ ಊರಿನ ಪ್ರತಿನಿಧಿ, ಹಾಗೆಯೇ ಪರಿಶೀಲಕ. ಪೊದೆಸ್ತಾನ ಅವಧಿ ಮುಗಿದ ಕೂಡಲೇ ಅವನು ಊರು ಬಿಡುವಂತಿರಲಿಲ್ಲ. ಕೆಲವು ದಿನ ಅಲ್ಲೇ ಉಳಿದು, ತನ್ನ ಮೇಲೆ ಯಾರಾದರೂ ದೂರು ತಂದರೆ ಸಿಂದಕೊಗಳ ಮುಂದೆ ಉತ್ತರ ಕೊಟ್ಟು, ತಪ್ಪು ಕಂಡುಬಂದರೆ ದಂಡ ತೆತ್ತು ಹೋಗಬೇಕಾಗಿತ್ತು. ಈ ವಿಚಾರಣೆಗೆ ‘ಸಿಂದಕಾತೊ’ ಎಂದು ಹೆಸರು. ಅಂದರೆ ನಗರದ ಮುಖ್ಯಸ್ಥನನ್ನು ಪ್ರಶ್ನಿಸುತ್ತಿದ್ದವನ ಹೆಸರೇ ಕಾಲಾಂತರದಲ್ಲಿ ಮುಖ್ಯಸ್ಥನ ಹೆಸರಾಯಿತು. ಹಳೆಯ ಅರ್ಥ ಸತ್ತಿಲ್ಲ: ಇಂದಿನ ಇಟಲಿಯಲ್ಲಿ ಕಂಪನಿಗಳ ‘ಕೊಲ್ಲೆಜೊ ಸಿಂದಕಾಲೆ’ ಎಂದರೆ ಆಡಳಿತದ ಮೇಲೆ ಕಣ್ಣಿಡುವ ಪರಿಶೋಧಕರ ಮಂಡಲಿ, ಮೇಯರುಗಳ ಸಭೆಯಲ್ಲ, ‘ಸಿಂದಕಾತೊ’ ಎಂದರೆ ಕಾರ್ಮಿಕ ಸಂಘ. ನಮ್ಮ ವಿಶ್ವವಿದ್ಯಾಲಯಗಳ ‘ಸಿಂಡಿಕೇಟ್’, ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಬ್ಯಾಂಕಿನ ಹೆಸರಿನಲ್ಲಿದ್ದ ‘ಸಿಂಡಿಕೇಟ್’, ಎರಡೂ ಇದೇ ಬೇರಿನವು.

1926ರಲ್ಲಿ ಫ್ಯಾಸಿಸ್ಟ್ ಸರ್ಕಾರ ಚುನಾಯಿತ ಸಿಂದಕೊನನ್ನೂ ಪರಿಷತ್ತನ್ನೂ ತೆಗೆದುಹಾಕಿ, ಮೇಲಿನಿಂದ ನೇಮಕಗೊಳ್ಳುವ ಅಧಿಕಾರಿಗೆ ‘ಪೊದೆಸ್ತಾ’ ಎಂದು ಹೆಸರಿಟ್ಟಿತು. ಫೆಬ್ರವರಿಯಲ್ಲಿ ಸಣ್ಣ ಊರುಗಳಿಗೆ, ಸೆಪ್ಟೆಂಬರಿನಲ್ಲಿ ಉಳಿದವಕ್ಕೂ. ಫ್ಲಾರೆನ್ಸಿನಲ್ಲಿ ಸಿಂದಕೊ ಆಗಿದ್ದ ಭೌತವಿಜ್ಞಾನಿ ಅಂತೋನಿಯೊ ಗರ್ಬಾಸ್ಸೊ ಅವರೇ ಮೊದಲ ಪೊದೆಸ್ತಾ ಆದರು. ಕೆಲಸದ ದೃಷ್ಟಿಯಿಂದ ಇದಕ್ಕೆ ಕನ್ನಡದಲ್ಲಿ ‘ಆಡಳಿತಾಧಿಕಾರಿ’ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಪಾಲಿಕೆಗೆ ಚುನಾವಣೆ ನಡೆಯದಿದ್ದಾಗ ಸರ್ಕಾರ ಕೂರಿಸುವವರನ್ನು ನಾವು ಹಾಗೆಯೇ ಕರೆಯುತ್ತೇವೆ. ಆದರೆ ಈ ಅನುವಾದವನ್ನು ನಾನು ವಿರೋಧಿಸುತ್ತೇನೆ. ಊರೇ ಆರಿಸಿ ಕರೆಸುತ್ತಿದ್ದ, ಊರಿಗೇ ಉತ್ತರ ಹೇಳಬೇಕಾಗಿದ್ದ ಅಧಿಕಾರಿಯ ಹೆಸರನ್ನು ಊರಿಗೆ ಯಾವ ಉತ್ತರವನ್ನೂ ಹೇಳಬೇಕಿಲ್ಲದವನಿಗೆ ತೊಡಿಸಿದ್ದು ಉದ್ದೇಶಪೂರ್ವಕ. ನಗರಗಳ ಹಳೆಯ ಸ್ವಾತಂತ್ರ್ಯದ ಘನತೆಯನ್ನು ಹೊಸ ದಾಸ್ಯಕ್ಕೆ ಹೊದಿಸಿದ ಕೆಲಸ ಅದು. 13ನೆಯ ಶತಮಾನದವನನ್ನು ಒಂದು ಮಾತಿನಿಂದ, 20ನೆಯ ಶತಮಾನದವನನ್ನು ಇನ್ನೊಂದು ಮಾತಿನಿಂದ ಕನ್ನಡಿಸಿದರೆ ಈ ಮೋಸ ಓದುಗರಿಗೆ ಕಾಣುವುದೇ ಇಲ್ಲ. ಆದ್ದರಿಂದ ಎರಡೂ ಕಡೆ ‘ಪೊದೆಸ್ತಾ’ ಎಂದೇ ಇರಬೇಕು. ಮೊದಲ ಬಳಕೆಯಲ್ಲಿ ಒಂದು ವಾಕ್ಯದ ವಿವರಣೆ ಸಾಕು.

1944ರ ಆಗಸ್ಟಿನಲ್ಲಿ ಜರ್ಮನ್ ಸೇನೆಯ ಹಿಡಿತದಿಂದ ನಗರ ಬಿಡುಗಡೆಯಾದಾಗ ವಿಮೋಚನಾ ಸಮಿತಿ ಗಯೆತಾನೊ ಪಿಯೆರಾಚ್ಚೀನಿ ಎಂಬ ವೈದ್ಯರನ್ನು ಸಿಂದಕೊ ಮಾಡಿತು. ಅಲ್ಲಿಂದ ಈಚೆಗೆ ‘ಮೇಯರ್’ ಎನ್ನಲು ನನ್ನ ಅಭ್ಯಂತರವಿಲ್ಲ. ‘ಮಹಾಪೌರ’ ಬೇಡ, ಆಹ್ವಾನಪತ್ರಿಕೆಯ ‘ಪೂಜ್ಯ ಮಹಾಪೌರರು’ ಎಂಬ ಗತ್ತು ಫ್ಲಾರೆನ್ಸಿಗೆ ಹೊಂದುವುದಿಲ್ಲ. 1993ರ ಕಾನೂನಿನ ಮೇಲೆ ಮತದಾರರೇ ನೇರವಾಗಿ ಆರಿಸುವ ಸಿಂದಕೊಗೆ ನಮ್ಮ ಮೇಯರಿಗಿಂತ ಬಹಳ ಹೆಚ್ಚಿನ ಅಧಿಕಾರವಿದೆ ಎಂಬುದನ್ನು ಮಾತ್ರ ಹೇಳಬೇಕು. 2024ರಲ್ಲಿ ಸಾರಾ ಫುನಾರೊ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆಯಾದಾಗ, ‘ಸಿಂದಕೊ’ ಎನ್ನಬೇಕೋ ‘ಸಿಂದಕಾ’ ಎನ್ನಬೇಕೋ ಎಂಬ ಇಟಲಿಯ ಹಳೆಯ ವಾದ ಈ ನಗರಕ್ಕೂ ಅನ್ವಯವಾಯಿತು. ಲಿಂಗಭೇದವಿಲ್ಲದ ‘ಮೇಯರ್’ ಇಲ್ಲಿ ನಮ್ಮನ್ನು ಪಾರುಮಾಡುತ್ತದೆ.

ಉಳಿದಿರುವುದು ಎರಡು ಪ್ರಶ್ನೆಗಳು. ಒಂದು, ದೀರ್ಘಾಂತವಾದ ‘ಪೊದೆಸ್ತಾ’ ಎಂಬುದಕ್ಕೆ ವಿಭಕ್ತಿ ಹಚ್ಚುವಾಗ ‘ಪೊದೆಸ್ತಾನಿಗೆ’ ಎಂದು ಬರೆಯುತ್ತಿದ್ದೇನೆ. ಬಹುವಚನದಲ್ಲಿ ‘ಪೊದೆಸ್ತಾಗಳು’ ಎಂದರೆ ಮನುಷ್ಯರಂತೆ ಕೇಳುವುದಿಲ್ಲ, ‘ಪೊದೆಸ್ತರು’ ಎಂದರೆ ಮೂಲರೂಪ ಕೆಡುತ್ತದೆ. ಎರಡು, ಅವಧಿಯ ಕೊನೆಯ ‘ಸಿಂದಕಾತೊ’ ವಿಚಾರಣೆಗೆ ಒಂದೇ ಪದ ಸಿಕ್ಕಿಲ್ಲ. ಗ್ರಾಮ ಪಂಚಾಯಿತಿಗಳ ‘ಜಮಾಬಂದಿ’ ಜನರೆದುರೇ ನಡೆಯುತ್ತದೆ ಎಂಬ ಕಾರಣಕ್ಕೆ ಹತ್ತಿರ ಬರುತ್ತದೆ, ಆದರೆ ಅದು ಲೆಕ್ಕಪತ್ರ ಮತ್ತು ಕಾಮಗಾರಿಗಳಿಗೆ ಸೀಮಿತ. ಅಧಿಕಾರಿಯ ನಡತೆಯ ವಿಚಾರಣೆ ಅಲ್ಲಿಲ್ಲ. ಶಾಸನಗಳಲ್ಲಾಗಲಿ ಕೈಫಿಯತ್ತುಗಳಲ್ಲಾಗಲಿ, ಅಧಿಕಾರದಿಂದ ಇಳಿದವನನ್ನು ಊರಿನವರು ನಿಲ್ಲಿಸಿ ಕೇಳುವುದಕ್ಕೆ ಹೆಸರಿದ್ದರೆ, ಅದು ಬಂದ ಸಂದರ್ಭದೊಡನೆ ದಯವಿಟ್ಟು ತಿಳಿಸಿರಿ.